ಅತ್ತೆ ಬರೋ ಮುಂಚೆ ಶಾಕ್

ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವುದನ್ನೂ ಹೋಗುವುದನ್ನೂ, ಮುಖ್ಯವಾಗಿ ಬಾರದಿರುವುದನ್ನೂ, ಊರಿಗೆಲ್ಲ ಸಾರಿ ಹೇಳುವ ಕೆಲಸ ಅವನದು. ಹುಟ್ಟಿನಿಂದಲೇ ಕಂಚಿನ ಕಂಠ. ಅದರ ಮೇಲೆ ಈ ನೌಕರಿ ಬೇರೆ. ಹೀಗಾಗಿ ಗುಟ್ಟು ಎನ್ನುವುದು ಅವನ ಬಾಯಲ್ಲಿ ನಿಂತ ದಾಖಲೆಯೇ ಇಲ್ಲ. ಮನೆಯಲ್ಲಿ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ "ಸಾರಿಗೆ ಉಪ್ಪು ಜಾಸ್ತಿ" ಎಂದು ಪಿಸುಗುಟ್ಟಿದರೆ ಎದುರು ಮನೆಯಲ್ಲಿ ಊಟಕ್ಕೆ ಕೂತವರು ತಮ್ಮ ತಟ್ಟೆಯನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಬೀದಿಯವರು ಅವನಿಗೆ 'ಮೈಕು' ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇಲ್ಲ.

ಮೈಕುವಿಗೆ ಇನ್ನೊಂದು ಗುಣವಿತ್ತು. ಎಂಥ ಕೆಲಸ ಹೇಳಿದರೂ ಮೊದಲು "ಅದೇನ್ ಮಹಾ!" ಎನ್ನುವುದು, ಆಮೇಲೆ ಆ ಕೆಲಸ ಏನೆಂದು ಕೇಳುವುದು. ಅವನು ಹಾಗೆಂದು ಬಿಚ್ಚಿದ ಫ್ಯಾನು, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಯಂತ್ರಗಳೆಲ್ಲ ಅಟ್ಟದ ಮೇಲೆ ಬಿಡಿಬಿಡಿಯಾಗಿ ವಿಶ್ರಾಂತಿ ಪಡೆಯುತ್ತಿದ್ದವು.

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ದೊಡ್ಡಾಸ್ಪತ್ರೆಯಲ್ಲಿ ನರ್ಸುಗಳಿಗೆಲ್ಲ ಮೇಲಿನ ಮೇಟ್ರನ್ ಆಗಿ ನಿವೃತ್ತರಾದವರು. ಅವರು ವಾರ್ಡಿಗೆ ಬಂದರೆಂದರೆ ದೊಡ್ಡ ದೊಡ್ಡ ಸರ್ಜನ್ನರೇ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಉಗುರು ಕತ್ತರಿಸಿದ್ದೇವೋ ಇಲ್ಲವೋ ಎಂದು ಬೆವರುತ್ತಿದ್ದರಂತೆ. ಅಂಥವರಿಗೆ ಈಗ ಮಂಡಿ ನೋವು. ಬಿಸಿ ನೀರಿನಲ್ಲಿ ಕೂತರೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದನ್ನು ಹೆಂಡತಿ ಬಂದು ಹೇಳಿದ್ದೇ ತಡ, ಮೈಕು "ಅದೇನ್ ಮಹಾ!" ಎಂದ. ತಿಂಗಳು ಕಳೆಯುವುದರೊಳಗೆ ಹಿತ್ತಿಲಿನಲ್ಲಿ ಒಂದು ಹಾಟ್ ಟಬ್ ಬಂದು ಕೂತಿತು. ಸದಾ ಬೆಚ್ಚಗಿರುವ ನೀರು. ಗುಂಡಿ ಒತ್ತಿದರೆ ಸುತ್ತಲಿಂದ ಧಾರೆಗಳು ಚಿಮ್ಮಿ ಕೂತವರ ಬೆನ್ನು, ಮಂಡಿ ಎಲ್ಲವನ್ನೂ ನೀವುವ ಏರ್ಪಾಡು. ಮದುವೆಯಾದಾಗಿನಿಂದ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕು ಅನ್ನುವುದು ಅವನ ಆಸೆ. ಅದಕ್ಕೆ ಇನ್ನು ಗುಂಡಿ ಒತ್ತುವುದೊಂದೇ ಬಾಕಿ ಅಂದುಕೊಂಡ.

ಅತ್ತೆ ಬಂದರು. ಉದ್ದನೆಯ ಹತ್ತಿಯ ನಿಲುವಂಗಿ ತೊಟ್ಟು, ಮಗಳ ಭುಜ ಹಿಡಿದು ಹಿತ್ತಿಲಿಗೆ ಇಳಿದರು. ಮೈಕು ಗುಂಡಿ ಒತ್ತಿದ. ನೀರು ಒಮ್ಮೆ ಗುಡುಗಿತು. ಮರುಕ್ಷಣ ಟಬ್ಬಿನ ತುಂಬ ಬೆಳ್ಳಗೆ ನೊರೆ ಎದ್ದು, ಅಂಚು ದಾಟಿ, ಅತ್ತೆಯ ಚಪ್ಪಲಿಯ ತನಕ ಬಂದು ನಿಂತಿತು.

ಅತ್ತೆ ನೊರೆಯನ್ನೂ ಅಳಿಯನನ್ನೂ ಒಂದೇ ಕಣ್ಣಿನಿಂದ ನೋಡಿದರು. "ಅಳಿಯಂದ್ರೇ, ಬಟ್ಟೆ ನೆನೆ ಹಾಕಿದ್ದೀರಿ ಅಂತ ಕಾಣುತ್ತೆ. ಪರವಾಗಿಲ್ಲ, ಒಗೆದು ಹಿಂಡಿ ಒಣಗಿಸಿದ ಮೇಲೆ ಹೇಳಿ ಕಳಿಸಿ," ಎಂದು ಬಹಳ ಮರ್ಯಾದೆಯಿಂದ ಹೇಳಿ, ಅದೇ ಸಾಯಂಕಾಲ ದೊಡ್ಡ ಮಗಳ ಮನೆಗೆ ಹೊರಟೇ ಹೋದರು.

ಅವತ್ತಿನಿಂದ ಮೈಕುವಿಗೂ ನೊರೆಗೂ ಯುದ್ಧ ಶುರುವಾಯಿತು.

ಟಬ್ಬಿನ ಜೊತೆ ನೀರು ಪರೀಕ್ಷೆ ಮಾಡುವ ಕಾಗದದ ಪಟ್ಟಿಗಳು ಬಂದಿದ್ದವು. ನೀರಿಗೆ ಅದ್ದಿದರೆ ಪಟ್ಟಿಯ ಮೇಲಿನ ಚೌಕಗಳು ಬಣ್ಣ ತಿರುಗುತ್ತವೆ; ಡಬ್ಬಿಯ ಮೇಲೆ ಅಚ್ಚಾದ ಬಣ್ಣಗಳ ಜೊತೆ ಹೋಲಿಸಿ ನೋಡಿಕೊಳ್ಳಬೇಕು. ಆದರೆ ಜೀವಮಾನವೆಲ್ಲ ರೈಲ್ವೆಯಲ್ಲಿ ಕಳೆದವನು ಡಬ್ಬಿ ಯಾಕೆ ನೋಡುತ್ತಾನೆ? ಹಸಿರು ಬಂದರೆ ಬಿಡು, ಕೆಂಪು ಬಂದರೆ ನಿಲ್ಲಿಸು, ಹಳದಿ ಬಂದರೆ ಹುಷಾರು. ಒಂದು ಚೌಕ ಕೆಂಪಾಗಿತ್ತು. ಗಾಬರಿಯಾಗಿ, ನೀರಿನ ಹುಳಿ ಹೆಚ್ಚಿಸುವ ಪುಡಿ ಸುರಿದ. ಕೆಂಪು ಹೋಗಿ ಹಳದಿಯಾಯಿತು. ಜೊತೆಗೆ ಪಕ್ಕದಲ್ಲಿ ಹಸಿರಾಗಿದ್ದ ಚೌಕವೂ ಹಳದಿಯಾಯಿತು. ಅದನ್ನು ಹಸಿರು ಮಾಡಲು ಸೋಡಾ ಸುರಿದ. ಹಸಿರಾಯಿತು, ಮೊದಲಿನದು ಮತ್ತೆ ಕೆಂಪಾಯಿತು. ಹೀಗೆ ಎರಡು ಸಿಗ್ನಲ್ಲುಗಳ ನಡುವೆ ಅವನ ಗಾಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತುಬಿಟ್ಟಿತು.

ನೊರೆ ಇಳಿಸುವ ದ್ರಾವಣ ಅಂತ ಒಂದು ಬಾಟಲಿ ತಂದ. ನಾಲ್ಕು ತೊಟ್ಟು ಬಿಟ್ಟರೆ ಸಾಕು, ಉಕ್ಕುವ ಹಾಲಿಗೆ ತಣ್ಣೀರು ಚಿಮುಕಿಸಿದ ಹಾಗೆ ನೊರೆ ಕುಸಿದು ಕೂರುತ್ತಿತ್ತು. ಮೈಕು ಎದೆಯುಬ್ಬಿಸಿ ಹೆಂಡತಿಯನ್ನು ಕರೆಯಲು ಒಳಗೆ ಹೋಗುತ್ತಿದ್ದ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ಬರುವಷ್ಟರಲ್ಲಿ ನೊರೆ ಮೊದಲಿಗಿಂತ ಒಂದು ಗೇಣು ಎತ್ತರಕ್ಕೆ ಎದ್ದು ಅವರಿಬ್ಬರನ್ನೂ ಸ್ವಾಗತಿಸುತ್ತಿತ್ತು.

ಕೊನೆಗೆ ನೊರೆ ಹಿತ್ತಿಲು ದಾಟಿ, ಗೇಟಿನ ಕೆಳಗೆ ನುಸುಳಿ ಬೀದಿಗೂ ಬಂತು. ಮೂಲೆ ಅಂಗಡಿಯ ಕ್ಷೌರಿಕ ಒಂದು ಬಟ್ಟಲು ಹಿಡಿದುಕೊಂಡು ಬಂದು, "ಸಾರ್, ಹೇಗೂ ಹರಿದು ಹೋಗ್ತಾ ಇದೆ. ಗಿರಾಕಿಗಳ ಗಡ್ಡಕ್ಕೆ ಸ್ವಲ್ಪ ತಗೊಂಡು ಹೋಗ್ಲಾ?" ಎಂದು ವಿನಯವಾಗಿ ಕೇಳಿದ. ಮೈಕು ಗೇಟು ಹಾಕಿಕೊಂಡ.

ಇಷ್ಟಾದರೂ ಹೆಂಡತಿ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಸರಿ ಹೋಯ್ತು ಕಣೇ. ಅದೇನ್ ಮಹಾ!" ಅವಳು ಪಾಪ ಗಂಡನ ಮಾತು ನಂಬಿ ತಾಯಿಗೆ ಫೋನು ಮಾಡಿದಳು. ಭಾನುವಾರ ಬರುತ್ತೇನೆ, ನೀರು ಹೇಗಿದೆಯೋ ನೋಡಿಯೇ ಬಿಡುತ್ತೇನೆ ಎಂದರು ಮೇಟ್ರನ್.

ಈಗ ಮೈಕುವಿಗೆ ಯಾರನ್ನಾದರೂ ಕೇಳದೆ ವಿಧಿಯಿರಲಿಲ್ಲ. ಹೆಂಡತಿ ಪೇಟೆಗೆ ಹೋದ ಸಮಯ ನೋಡಿ, ಹಿತ್ತಿಲಿನ ಗೋಡೆಗೆ ಒರಗಿ ನಿಂತು, ಟಬ್ಬು ಮಾರಿದ ಅಂಗಡಿಯ ಹೆಂಗಸಿಗೆ ಫೋನು ಮಾಡಿದ. ಆಕೆ ತಾಳ್ಮೆಯಿಂದ ಎಲ್ಲ ಕೇಳಿ, ಮೊದಲು ನೀರಿನ ಕ್ಷಾರ ಸರಿ ಮಾಡಿ, ಆಮೇಲೆ ಹುಳಿ ನೋಡಿ, ಕೊನೆಗೆ ಟಬ್ಬಿಗೆ ಶಾಕ್ ಕೊಡಿ ಎಂದಳು. ಶಾಕ್ ಅಂದರೆ ಬೇರೇನೂ ಅಲ್ಲ. ನೀರಿನಲ್ಲಿ ಸೇರಿರುವ ಎಣ್ಣೆ, ಬೆವರು, ಕೊಳೆಯನ್ನೆಲ್ಲ ಸುಟ್ಟು ಹಾಕುವ ಒಂದು ಕ್ಲೋರಿನ್ ಪುಡಿ. ಆ ಕಸುಬಿನವರು ಅದಕ್ಕೆ ಹೇಳುವುದೇ ಹಾಗೆ.

ಆದರೆ ಗೋಡೆಯಾಚೆ ತೊಂಡೆ ಬಳ್ಳಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯ ನಿವೃತ್ತ ಹೆಡ್‌ಮಿಸ್ ಆ ಕಸುಬಿನವರಲ್ಲ. ಫೋನಿನ ಒಂದು ಬದಿ ಮಾತ್ರ ಅವರಿಗೆ ಕೇಳಿಸಿತು. ಅದೂ ಪ್ಲಾಟ್‌ಫಾರಂ ಕಂಠದಲ್ಲಿ, ಅಕ್ಷರ ಅಕ್ಷರ ಬಿಡಿಸಿ.

"ಹೌದು, ಭಾನುವಾರ ಅತ್ತೆ ಬರ್ತಾರೆ... ಕೊಟ್ಟೆ, ಹೋದ ವಾರ ಸ್ವಲ್ಪ ಕೊಟ್ಟು ನೋಡಿದೆ, ಏನೂ ಆಗ್ಲಿಲ್ಲ. ಈ ಸಲ ಡಬಲ್ ಶಾಕ್ ಕೊಟ್ಟುಬಿಡ್ತೀನಿ... ಮುಚ್ಚಳ ತೆಗೆದೇ ಕೊಡ್ಬೇಕಾ?... ಕೊಟ್ಟ ಮೇಲೆ ಎಲ್ಲಾ ಸತ್ತೇ ಹೋಗಿರುತ್ತೆ ಅಂತೀರಾ? ಗುರುತೂ ಉಳಿಯಲ್ಲ?... ವಾಸನೆ?... ಆಗಲಿ, ಗಾಳಿಗೆ ಬಿಡ್ತೀನಿ. ಒಂದೇ ಮಾತು, ನನ್ನ ಹೆಂಡ್ತಿಗೆ ಗೊತ್ತಾಗೋದು ಬೇಡ."

ಹೆಡ್‌ಮಿಸ್ ಕೈಯಲ್ಲಿದ್ದ ನೀರಿನ ಪೈಪು ತೊಂಡೆ ಬಳ್ಳಿ ಬಿಟ್ಟು ಅವರ ಸೀರೆಯನ್ನೇ ನೆನೆಸತೊಡಗಿದ್ದು ಅವರ ಅರಿವಿಗೆ ಬರಲಿಲ್ಲ.

ಒದ್ದೆ ಸೀರೆಯಲ್ಲೇ ಠಾಣೆಗೆ ನಡೆದರು. ಇನ್ಸ್‌ಪೆಕ್ಟರು ಒಂದು ಕಾಲದಲ್ಲಿ ಅವರ ಶಾಲೆಯಲ್ಲೇ ಓದಿದವರು. ಬಾಗಿಲಲ್ಲಿ ಹೆಡ್‌ಮಿಸ್ ಕಂಡ ಕೂಡಲೇ ತಮಗೆ ಗೊತ್ತಿಲ್ಲದೆಯೇ ಎದ್ದು ನಿಂತು ಕೈ ಕಟ್ಟಿಕೊಂಡರು.

"ನಮ್ಮ ಪಕ್ಕದ ಮನೆಯವನು ಭಾನುವಾರ ಅತ್ತೆಯನ್ನ ನೀರಲ್ಲಿ ಕೂರಿಸಿ ಶಾಕ್ ಕೊಡ್ತಾನಂತೆ," ಎಂದರು ಹೆಡ್‌ಮಿಸ್. "ಡಬಲ್."

"ಡಬಲ್ ಯಾಕೆ ಮಿಸ್?"

"ಹೋದ ವಾರ ಸ್ವಲ್ಪ ಕೊಟ್ಟು ನೋಡಿದನಂತೆ. ಆಯಮ್ಮನಿಗೆ ಏನೂ ಆಗಲಿಲ್ಲವಂತೆ."

"ಮಿಸ್, ಜನ ಕೋಪದಲ್ಲಿ ಏನೇನೋ ಅಂದುಬಿಡ್ತಾರೆ..."

"ಕೋಪ ಇದ್ದಿದ್ರೆ ನಾನು ಬರ್ತಾನೇ ಇರಲಿಲ್ಲ. ಗಾಡಿ ಹೊರಡ್ತಾ ಇದೆ ಅನ್ನೋವಷ್ಟು ಸಮಾಧಾನವಾಗಿ ಹೇಳಿದ! ಮೊದಲು ನೆಟ್ಟಗೆ ನಿಂತ್ಕೋ. ಇನ್ನೂ ಗೂನು ಹಾಕ್ಕೊಂಡೇ ನಿಲ್ತೀಯಲ್ಲ."

ಇನ್ಸ್‌ಪೆಕ್ಟರು ನೆಟ್ಟಗೆ ನಿಂತು, ಭಾನುವಾರ ಬರುತ್ತೇನೆ ಎಂದು ಒಪ್ಪಿಕೊಂಡರು.

ಶನಿವಾರ ಸಾಯಂಕಾಲ ಮೈಕು ಮೊಣಕೈ ತನಕ ರಬ್ಬರ್ ಕೈಗವಸು ಏರಿಸಿ, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಟಬ್ಬಿಗೆ ಬಿಳಿ ಪುಡಿ ಉದುರಿಸುವುದನ್ನು ಹೆಡ್‌ಮಿಸ್ ಗೋಡೆಯ ಮೇಲಿಂದ ಕಂಡರು. ಹತ್ತಿ ನಿಂತಿದ್ದ ಕುರ್ಚಿಯಿಂದ ದಡಬಡ ಇಳಿದರು. ಶಾಕ್ ಸಾಲದು ಅಂತ ವಿಷ ಬೇರೆ! ಅರ್ಧ ಗಂಟೆಯಲ್ಲಿ ಸುದ್ದಿ ಕ್ಷೌರಿಕನ ಅಂಗಡಿ ಮುಟ್ಟಿತು. ಅಲ್ಲಿಂದ ಮುಂದೆ ಅದನ್ನು ಯಾರೂ ಹೊತ್ತು ತಿರುಗಬೇಕಾಗಿರಲಿಲ್ಲ. ಗಡ್ಡ ಬೋಳಿಸಿಕೊಂಡ ಮುಖಗಳ ಜೊತೆ ತಾನಾಗಿಯೇ ಮನೆಮನೆಗೆ ಹೋಯಿತು.

ಭಾನುವಾರ ಬೆಳಿಗ್ಗೆ ಮೇಟ್ರನ್ ಕೂತ ಬಾಡಿಗೆ ಕಾರನ್ನು ಬೀದಿಯ ಮೂಲೆಯಲ್ಲೇ ತಡೆಯಲಾಯಿತು. ಕ್ಷೌರಿಕ ಅಡ್ಡ ನಿಂತ. ಹೆಡ್‌ಮಿಸ್ ಕಿಟಕಿಗೆ ತಲೆ ಹಾಕಿ, ದೊಡ್ಡ ಉಸಿರು ತೆಗೆದುಕೊಂಡು ಎಲ್ಲ ಹೇಳಿದರು.

ಮೇಟ್ರನ್ ಕೂಗಲಿಲ್ಲ, ಅಳಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಯಾರು, ನಮ್ಮ ಅಳಿಯಂದ್ರಾ? ನನಗಾ?"

"ನಿಮಗೇ ಅಮ್ಮ. ಡಬಲ್."

"ಅಷ್ಟು ಗಂಡೆದೆ ಇದೆಯೇ ಅವರಿಗೆ!" ಮೇಟ್ರನ್ ಮುಖದಲ್ಲಿ ಸಂತೋಷವೋ ಅಚ್ಚರಿಯೋ ಹೇಳಲಾಗದ ಒಂದು ಕಳೆ ಬಂತು. "ಛೆ, ಇಷ್ಟು ವರ್ಷ ಅವರನ್ನ ಬರೀ ಸಪ್ಪೆ ಅಂದ್ಕೊಂಡಿದ್ದೆ. ನಡೀರಿ, ನೋಡೇ ಬಿಡೋಣ."

ಇತ್ತ ಮೈಕು ಬೆಳಗ್ಗೆಯೇ ಎದ್ದು ಟಬ್ಬಿನ ಮುಚ್ಚಳ ತೆಗೆದು ನೋಡಿ ಕುಣಿದಾಡಿಬಿಟ್ಟಿದ್ದ. ನೀರು ತಿಳಿಯಾಗಿತ್ತು. ತಳದ ತಿರುಪುಗಳು ಎಣಿಸಲು ಬರುವಷ್ಟು ತಿಳಿ. ಈ ಸಲ ಡಬ್ಬಿಯ ಬಣ್ಣ ನೋಡಿಯೇ ಪಟ್ಟಿ ಹಿಡಿದಿದ್ದ. ಎಲ್ಲ ಸರಿಯಾಗಿತ್ತು, ಶಾಕಿನ ಕಾವೂ ಇಳಿದಿತ್ತು. ಅಷ್ಟರಲ್ಲಿ ಅತ್ತೆ, ಅವರ ಹಿಂದೆ ಹೆಡ್‌ಮಿಸ್, ಕ್ಷೌರಿಕ, ಗುರುತಿಲ್ಲದ ಒಬ್ಬ ಗೂನು ಬೆನ್ನಿನ ಮನುಷ್ಯ, ಅವರ ಹಿಂದೆ ಬೀದಿಯೆಲ್ಲ ಹಿತ್ತಿಲಿಗೆ ನುಗ್ಗಿದ್ದು ನೋಡಿ, ತನ್ನ ಗೆಲುವು ಕಾಣಲು ಇಷ್ಟು ಜನ ಬಂದರಲ್ಲ ಎಂದು ಅವನು ಹಿಗ್ಗಿದ. ಕಂಠವೂ ಏರಿತು.

"ಬನ್ನಿ, ಎಲ್ಲರೂ ಬನ್ನಿ! ಅತ್ತೆ, ಮೊದಲು ನೀವು ಇಳೀರಿ. ನಿಮಗೋಸ್ಕರವೇ ಎಲ್ಲಾ ಸಿದ್ಧ ಮಾಡಿದ್ದೀನಿ. ಮಿಕ್ಕವರು ಸ್ವಲ್ಪ ದೂರ ನಿಲ್ಲಿ. ಅವರು ಕೂತ ತಕ್ಷಣ ನಾನು ಸ್ವಿಚ್ ಒತ್ತುತ್ತೀನಿ."

"ನಿಲ್ಸಿ!" ಗೂನು ಬೆನ್ನಿನವರು ಜೇಬಿನಿಂದ ಗುರುತಿನ ಚೀಟಿ ತೆಗೆದು ಹಿಡಿದರು. "ಪೊಲೀಸ್! ಶಾಕ್ ಎಲ್ಲಿ ಇಟ್ಟಿದ್ದೀರಿ?"

"ಅಯ್ಯೋ, ಶಾಕಿನ ವಿಷಯ ನಿಮಗೆ ಹೇಗೆ ಗೊತ್ತಾಯ್ತು?" ಮೈಕು ಬೆಚ್ಚಿದ.

"ಏನ್ರೀ ಅದು ಶಾಕು?" ಹೆಂಡತಿ ಜನರನ್ನು ಸೀಳಿಕೊಂಡು ಮುಂದೆ ಬಂದಳು.

"ನಿನಗೆ ಗೊತ್ತಾಗೋದು ಬೇಡ ಅಂತ ನಿನ್ನೇನೇ ಕೊಟ್ಟು ಮುಗಿಸಿದೆ ಕಣೇ."

ಜನ ಒಂದು ಹೆಜ್ಜೆ ಹಿಂದೆ ಸರಿದರು. ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡರು. "ನಿನ್ನೆ ಕೊಟ್ರಾ? ಯಾರಿಗೆ?"

"ನೀರಿಗೆ!"

"ನೀರಿಗೆ ಯಾರಾದ್ರೂ ಶಾಕ್ ಕೊಡ್ತಾರೇನ್ರೀ?"

"ನೊರೆ ಬಂದ್ರೆ ಇನ್ನೇನು ಸಾರ್ ಮಾಡೋದು?" ಎಂದು ಮೈಕು ಮೂಲೆಯಿಂದ ಡಬ್ಬ ತಂದು ಅವರ ಕೈಗಿಟ್ಟ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 'ಶಾಕ್' ಎಂದೇ ಅಚ್ಚಾಗಿತ್ತು. ಇನ್ಸ್‌ಪೆಕ್ಟರು ಅದನ್ನು ಬಾಂಬು ಹಿಡಿದ ಹಾಗೆ ಕೈ ನೀಡಿ ದೂರ ಹಿಡಿದರು. ತೆಗೆಯಲೋ ಬೇಡವೋ ಎಂದು ಹೆಡ್‌ಮಿಸ್ ಮುಖ ನೋಡಿದರು.

ಮೇಟ್ರನ್ ಮುಂದೆ ಬಂದು ಡಬ್ಬ ಕಸಿದುಕೊಂಡು, ಮುಚ್ಚಳ ಒಂದಿಷ್ಟೇ ಸರಿಸಿ, ದೂರದಿಂದಲೇ ಗಾಳಿಯನ್ನು ಮೂಗಿನ ಕಡೆ ಬೀಸಿಕೊಂಡರು. ಅವರ ಹುಬ್ಬು ಸಡಿಲವಾಯಿತು. "ಇದು ಕ್ಲೋರಿನ್ನು. ಈ ವಾಸನೆಯಲ್ಲೇ ನನ್ನ ಆಯಸ್ಸು ಕಳೆದಿದೆ. ಇದರಿಂದ ಸಾಯೋದು ಕ್ರಿಮಿಗಳು. ಅತ್ತೆಯಂದಿರಲ್ಲ."

ಹಿತ್ತಿಲಿನಲ್ಲಿ ಒಂದು ನಿಟ್ಟುಸಿರು ಬಿತ್ತು. ಅದರಲ್ಲಿ ಅರ್ಧ ಸಮಾಧಾನ, ಅರ್ಧ ನಿರಾಸೆ. ಕ್ಷೌರಿಕನದು ಪೂರಾ ನಿರಾಸೆ.

ಎಲ್ಲರೂ ಹೆಡ್‌ಮಿಸ್ ಕಡೆ ತಿರುಗಿದರು. ಅವರು ಸೆರಗು ಸರಿಮಾಡಿಕೊಂಡು, "ನಾನು ಕೇಳಿಸಿಕೊಂಡಿದ್ದು ಸರಿಯಾಗೇ ಕೇಳಿಸಿಕೊಂಡೆ. ಅರ್ಥ ತಪ್ಪಾಗಿದ್ದರೆ ಅದು ಶಬ್ದದ ತಪ್ಪು," ಎಂದು ತೀರ್ಪು ಕೊಟ್ಟರು. ಆಮೇಲೆ ಮೈಕುವಿನತ್ತ ಬೆರಳು ತೋರಿಸಿ, "ಅಷ್ಟು ಶಾಕ್ ಕೊಟ್ಟ ಮೇಲೆ ನೊರೆ ಹೋಗಿರಬೇಕಲ್ಲ. ಎಲ್ಲಿ, ತೋರಿಸಿ!" ಎಂದರು.

"ಅದೇನ್ ಮಹಾ!" ಎಂದು ಮೈಕು ಗುಂಡಿ ಒತ್ತಿದ.

ಧಾರೆಗಳು ಚಿಮ್ಮಿದವು. ಸ್ವಲ್ಪ ಹೊತ್ತು ಬರೀ ನೀರು, ಗುಳುಗುಳು ಸದ್ದು. ಜನ ತಲೆದೂಗಿದರು. ಮೈಕುವಿನ ಎದೆ ಉಬ್ಬಿತು. ಅಷ್ಟರಲ್ಲಿ ಒಂದು ಮೂಲೆಯಲ್ಲಿ ಬೆಳ್ಳಗೆ ಏನೋ ಮಿನುಗಿತು. ಅದರ ಪಕ್ಕ ಇನ್ನೊಂದು. ನೋಡುತ್ತ ನೋಡುತ್ತ ಟಬ್ಬಿಗೆ ನೊರೆಯ ಹೊದಿಕೆ ಹರಡಿತು.

ಕ್ಷೌರಿಕ ಕತ್ತು ಚಾಚಿ, "ಬಟ್ಟಲು ತರ್ಲಾ ಸಾರ್?" ಎಂದ.

ಹೆಂಡತಿ ಗಂಡನ ಮುಖ ನೋಡಿದಳು. "ಸರಿ ಹೋಯ್ತು ಅಂದ್ರಲ್ರೀ?" ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು. ಅತ್ತೆ ಆಗಲೇ ಕಾರು ಇನ್ನೂ ನಿಂತಿದೆಯೋ ಎಂದು ಗೇಟಿನ ಕಡೆ ನೋಡುತ್ತಿದ್ದರು.

ಇನ್ಸ್‌ಪೆಕ್ಟರಿಗೆ ಮಾತ್ರ ಬಂದ ಕೆಲಸ ಬರಿಗೈಯಲ್ಲಿ ಮುಗಿಸಿ ಹೋಗುವುದು ಸರಿಕಾಣಲಿಲ್ಲ. ಕೊಲೆಯಿಲ್ಲದಿದ್ದರೆ ಬೇಡ, ನೊರೆಯಾದರೂ ಇತ್ತಲ್ಲ. "ನೋಡಿ, ತಪ್ಪು ಎಲ್ಲಾದ್ರೂ ಇದ್ದೇ ಇರುತ್ತೆ," ಎಂದರು. "ಈ ಟಬ್ಬಿಗೆ ನೀವು ಏನೇನು ಮಾಡ್ತೀರಿ, ಮೊದಲಿಂದ ಕೊನೇ ತನಕ, ಒಂದೂ ಬಿಡದೆ ಹೇಳಿ."

ಹೇಳುವುದೆಂದರೆ ಮೈಕುವಿಗೆ ಬೇಡವೇ? ಕೈ ಹಿಂದೆ ಕಟ್ಟಿ, ಗಂಟಲು ಸರಿಮಾಡಿಕೊಂಡು ಸಾರತೊಡಗಿದ. "ದಯವಿಟ್ಟು ಗಮನಿಸಿ. ಬೆಳಿಗ್ಗೆ ಎದ್ದ ಕೂಡಲೇ ಮುಚ್ಚಳ ತೆಗೆಯಲಾಗುವುದು. ಬಳಿಕ ನೀರಿನ ಪರೀಕ್ಷೆ. ಟಬ್ಬಿಗೆ ಇಳಿಯುವವರು ಮೊದಲು ಬಚ್ಚಲಲ್ಲಿ ಮೈ ತೊಳೆದುಕೊಂಡು, ಸೋಪು ಹಾಕದೆ ಜಾಲಿಸಿದ ಬಟ್ಟೆ ತೊಟ್ಟು ಬರತಕ್ಕದ್ದು. ಯಾಕೆಂದರೆ ಸೋಪಿನ ಅಂಶ ಒಂದು ಹನಿ ಸೇರಿದರೂ ನೊರೆ ಬರುತ್ತದೆ. ತದನಂತರ, ಟಬ್ಬು ಬಂದ ದಿನದಿಂದ ತಪ್ಪದೆ, ಪ್ರತಿ ಸಾಯಂಕಾಲ ಟಬ್ಬಿನ ಫಿಲ್ಟರನ್ನು ಹೊರತೆಗೆದು, ಪಾತ್ರೆ ತೊಳೆಯುವ ಸೋಪು ಧಾರಾಳವಾಗಿ ಹಾಕಿ, ಚೆನ್ನಾಗಿ ತಿಕ್ಕಿ ತಿಕ್ಕಿ..."

ಅಲ್ಲಿಗೆ ನಿಂತ.

ಅವನ ಇಡೀ ನೌಕರಿಯಲ್ಲಿ ಒಂದು ಪ್ರಕಟಣೆ ಅರ್ಧಕ್ಕೆ ನಿಂತದ್ದು ಅದೇ ಮೊದಲು. ಬಾಯಿ ತೆರೆದೇ ಇತ್ತು. ಕಣ್ಣು ಟಬ್ಬಿನ ಕಡೆ ತಿರುಗಿತು. ಆಮೇಲೆ ಒಂದೇ ನೆಗೆತ! ಅಂಗಿಯ ತೋಳು ಮಡಚದೆ ನೊರೆಯೊಳಗೆ ಕೈ ಹಾಕಿ, ಫಿಲ್ಟರನ್ನು ತಿರುಗಿಸಿ ಕಿತ್ತು, ಬಕೆಟ್ಟಿನ ಶುದ್ಧ ನೀರಿನಲ್ಲಿ ಮುಳುಗಿಸಿ ಅಲ್ಲಾಡಿಸಿದ. ಬಕೆಟ್ಟು ತುಂಬಿ ನೊರೆ ಉಕ್ಕಿ ಇನ್ಸ್‌ಪೆಕ್ಟರ ಬೂಟಿನ ಮೇಲೆ ಹರಿಯಿತು.

"ಸಿಕ್ಕಿಬಿದ್ದ ಕಳ್ಳ!" ಎಂದು ಮೈಕು ಕೂಗಿದ. ನಿಲ್ದಾಣದಲ್ಲಿ ಅವತ್ತು ರಜೆ ಹಾಕಿದ್ದರೂ ಅಲ್ಲಿನ ಪ್ರಯಾಣಿಕರಿಗೆ ಅದು ಕೇಳಿಸಿರಬೇಕು. "ಫಿಲ್ಟರಿನ ಮಡಿಕೆ ಮಡಿಕೆಯಲ್ಲೂ ಸೋಪು ಕೂತಿದೆ! ನಾನೇ ದಿನಾ ಕೂರಿಸಿದ್ದೀನಿ! ನೊರೆ ಹೋಗಬೇಕು ಅಂತ ನಾನೇ ನೊರೆ ತುಂಬಿದ್ದೀನಿ!"

ತನ್ನ ತಪ್ಪನ್ನು ಇಷ್ಟು ಸಂಭ್ರಮದಿಂದ ಒಪ್ಪಿಕೊಂಡ ಮನುಷ್ಯನನ್ನು ಇನ್ಸ್‌ಪೆಕ್ಟರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಭಾವುಕರಾಗಿ ಅವನ ಒದ್ದೆ ಕೈ ಕುಲುಕಿದರು.

ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಕೊಲೆ ನೋಡಲು ಬಂದ ಬೀದಿ ಟಬ್ಬು ತೊಳೆಯಲು ನಿಂತಿತು. ಹೆಡ್‌ಮಿಸ್ ತಮ್ಮ ತೋಟದ ಪೈಪು ಗೋಡೆಯ ಮೇಲಿಂದ ಇಳಿಬಿಟ್ಟರು. ಕ್ಷೌರಿಕ ಹೊಸ ಟವೆಲ್ಲು ತಂದು ಟಬ್ಬಿನ ಮೈಯನ್ನು ಗಿರಾಕಿಯ ಕೆನ್ನೆ ಎಂಬಂತೆ ಒರೆಸಿದ. ಹಳೆ ನೀರು ಚರಂಡಿಗೆ ಹೋಯಿತು, ಕೊಳವೆಗಳನ್ನೆಲ್ಲ ಜಾಲಿಸಿದ್ದಾಯಿತು. ಟಬ್ಬಿನ ಜೊತೆ ಬಂದಿದ್ದ, ಪೊಟ್ಟಣವನ್ನೇ ಒಡೆಯದ ಎರಡನೇ ಫಿಲ್ಟರನ್ನು ಮೈಕು ಸೋಪಿನ ನೆರಳೂ ಸೋಕದ ಹಾಗೆ ಕೂರಿಸಿದ. ಹೊಸ ನೀರು ತುಂಬಿ, ಮೊದಲು ಕ್ಷಾರ, ಆಮೇಲೆ ಹುಳಿ ಎಂದು ಒಂದೊಂದಾಗಿ ಸರಿಪಡಿಸಿದ. ಮೇಟ್ರನ್ ಕುರ್ಚಿ ಹಾಕಿಸಿಕೊಂಡು ಕೂತು ಅಳಿಯನ ಪ್ರತಿ ಚಲನೆಯನ್ನೂ ಆಪರೇಷನ್ ನೋಡಿದ ಹಾಗೆ ನೋಡಿದರು. ಕಾರನ್ನು ಯಾವಾಗಲೋ ವಾಪಸ್ ಕಳಿಸಿದ್ದರು.

ಇಷ್ಟು ನೀರು ಕಾಯಲು ಹೊತ್ತು ಬೇಕಲ್ಲ. ಮರುದಿನ ಸಾಯಂಕಾಲ ಬೀದಿಯೆಲ್ಲ ಮತ್ತೆ ಹಿತ್ತಿಲಿನಲ್ಲಿ ಸೇರಿತು. ಮೇಟ್ರನ್ ನಿಲುವಂಗಿಯಲ್ಲಿ ಬಂದು ನೀರಿಗೆ ಬೆರಳದ್ದಿ, ಉಜ್ಜಿ ನೋಡಿ, ಮೂಸಿ, ಮೆಲ್ಲಗೆ ಇಳಿದು ಕೂತರು. ಈ ಸಲ ಮೈಕು 'ಅದೇನ್ ಮಹಾ' ಅನ್ನದೆ, ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದ.

ಧಾರೆಗಳು ಚಿಮ್ಮಿದವು. ಗುಳ್ಳೆಗಳು ಎದ್ದವು, ಮೇಲೆ ಬಂದವು, ಒಡೆದು ಇಲ್ಲವಾದವು. ಮತ್ತೆ ಎದ್ದವು, ಮತ್ತೆ ಇಲ್ಲವಾದವು. ನೀರು ನೀರಾಗಿಯೇ ಉಳಿಯಿತು. ಜನ ಚಪ್ಪಾಳೆ ತಟ್ಟಿದ ಮೇಲೆಯೇ ಮೈಕು ಕಣ್ಣು ಬಿಟ್ಟದ್ದು. ಮೇಟ್ರನ್ ತಲೆ ಹಿಂದಕ್ಕೆ ಒರಗಿಸಿ, "ಮಿಸ್, ನೀವೂ ಬನ್ನಿ. ದಿನಾ ಕುರ್ಚಿ ಹತ್ತಿ ಇಣುಕಿದ್ರೆ ನಿಮ್ಮ ಕಾಲೂ ನೋಯುತ್ತೆ," ಎಂದರು. ಹೆಡ್‌ಮಿಸ್ ಒಲ್ಲೆ ಒಲ್ಲೆ ಎನ್ನುತ್ತಲೇ ಮೈ ತೊಳೆದುಕೊಂಡು ಬಂದು ಇಳಿದರು. ಇಬ್ಬರೂ ಸೇರಿ, ಈಗಿನ ಕಾಲದ ನರ್ಸುಗಳಿಂದ ಹಿಡಿದು ಇನ್ಸ್‌ಪೆಕ್ಟರ ಗೂನಿನ ತನಕ ಎಲ್ಲವನ್ನೂ ವಿಚಾರಿಸಿಕೊಂಡರು.

ಕತ್ತಲಾಗುವ ಹೊತ್ತಿಗೆ ಮೇಟ್ರನ್ ಮೇಲೆದ್ದರು. ಮಗಳು ಭುಜ ಕೊಡಲು ಓಡಿಬಂದಳು. ಅವರು ಕೈಯಾಡಿಸಿ ಬೇಡವೆಂದರು. ಬಟ್ಟೆ ಬದಲಿಸಿಕೊಂಡು ಬಂದವರೇ ಯಾರ ಆಸರೆಯೂ ಇಲ್ಲದೆ, ಬಹಳ ದಿನಗಳಿಂದ ಕಣ್ಣೆತ್ತಿಯೂ ನೋಡದಿದ್ದ ಮಹಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಹೋದರು. ಕೆಳಗೆ ಗಂಡ ಹೆಂಡತಿ ಉಸಿರು ಬಿಗಿಹಿಡಿದು ನಿಂತರು. ಮೇಲೆ ಕಿಟಕಿ ತೆರೆದ ಸದ್ದು, ಮಂಚ ಎಳೆದ ಸದ್ದು, ಧೂಳು ಕೊಡವಿದ ಸದ್ದು. ಆಮೇಲೆ ಮೇಟ್ರನ್ ತಲೆ ಕಿಟಕಿಯಲ್ಲಿ ಕಾಣಿಸಿತು.

"ಅಳಿಯಂದ್ರೇ, ಕೆಲಸ ಅಂದ್ರೆ ಇದು. ಭೇಷ್! ನನ್ನ ಪೆಟ್ಟಿಗೆ ಮೇಲೆ ತಂದಿಡಿ. ಈ ಕೋಣೆಗೆ ಒಳ್ಳೇ ಗಾಳಿ ಇದೆ, ನಾನು ಇಲ್ಲೇ ಇರ್ತೀನಿ."

"ಎಷ್ಟು ದಿನ ಅಮ್ಮಾ?" ಎಂದು ಮಗಳು ಕೇಳುವಷ್ಟರಲ್ಲಿ ಮೈಕು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.